ನಮ್ಮ ಕುಂಬಳದ ಬಳ್ಳಿ

ನಾವು ವೃತ್ತಿಯಿಂದ ಸರ್ಕಾರಿ ಗುಮಾಸ್ತರು. ಓದಿದ್ದು ಬಿ.ಎ., ಅದೂ ಚರಿತ್ರೆ ಮತ್ತು ಅರ್ಥಶಾಸ್ತ್ರ. ಸಸ್ಯಶಾಸ್ತ್ರಕ್ಕೂ ನಮಗೂ ಹೈಸ್ಕೂಲಿನಲ್ಲಿಯೇ ಋಣ ಹರಿದಿತ್ತು. ಹೀಗಿರುವಲ್ಲಿ ಹೂವಿನ ಅಂಗಾಂಗಗಳ ವಿಷಯವಾಗಿ ಬರೆಯಹೊರಟಿರುವುದನ್ನು ಅಧಿಕಪ್ರಸಂಗವೆಂದು ಸಂಘದ ಮಿತ್ರರು ತಿಳಿಯಬಾರದು. ನಮ್ಮ ಮನೆಯ ಕುಂಬಳದ ಬಳ್ಳಿಯೊಂದು ನಮಗೆ ಹೇಳಿದ ಪಾಠವನ್ನು ಇದ್ದದ್ದು ಇದ್ದಂತೆ ಒಪ್ಪಿಸುತ್ತೇವೆ, ಅಷ್ಟೆ. ವರದಿ ಬರೆದು ನಮಗೆ ರೂಢಿಯಿದೆ.

ಕಳೆದ ವರ್ಷ ದಸರೆ ಮುಗಿಸಿಕೊಂಡು ನಮ್ಮ ತಾಯಿಯವರು ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಮುಂಬಯಿಗೆ ಬಂದರು. ಹಪ್ಪಳ, ಹುರಿಹಿಟ್ಟು, ಸಾರಿನಪುಡಿಗಳ ಜೊತೆಗೆ, ಸೆರಗಿನ ತುದಿಯ ಗಂಟಿನಲ್ಲಿ ಸಿಹಿಗುಂಬಳದ ಆರು ಬೀಜಗಳೂ ಬಂದವು. ನಮ್ಮದು ಮೂರನೆಯ ಮಹಡಿ. “ಮಣ್ಣೇ ಇಲ್ಲದ ಊರಲ್ಲಿ ಇದನ್ನೆಲ್ಲಿ ಹಾಕ್ತೀಯಮ್ಮ?” ಎಂದೆವು. ಅಮ್ಮ ಉತ್ತರ ಕೊಡಲಿಲ್ಲ. ಮಾರನೆಯ ವಾರ ಬಾಲ್ಕನಿಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಡ್ರಮ್ಮು ಬಂದು ಕುಳಿತಿತ್ತು. ಅದರ ತುಂಬ ಮಣ್ಣು, ಗೊಬ್ಬರ. ನಮ್ಮಾಕೆಯೂ ಅಮ್ಮನೂ ಸೇರಿ ಅದನ್ನು ಎಲ್ಲಿಂದ ಹೊತ್ತು ತಂದರೆಂದು ನಾವು ಕೇಳಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸಬೇಕು. ಅದೇ ಅಕ್ಟೋಬರಿನಲ್ಲಿ ನಮ್ಮ ಕಟ್ಟಡದ ನೀರಿನ ಟಾಂಕಿಯ ಕೆಳಗೆ ಹೆಜ್ಜೇನು ಕಟ್ಟಿತ್ತು. ಮಕ್ಕಳಿಗೆ ಕಚ್ಚೀತೆಂದು ಎಲ್ಲರಿಗೂ ಭಯ. ಭಯಪಟ್ಟದ್ದು ತಪ್ಪಲ್ಲ, ಹೆಜ್ಜೇನು ರೇಗಿದರೆ ಪ್ರಾಣಕ್ಕೇ ಬರಬಹುದು. ಅದನ್ನು ತೆಗೆಸಬೇಕೆಂದು ಕಮಿಟಿಗೆ ಅರ್ಜಿ ಬರೆಯುವ ಕೆಲಸ ನಮಗೆ ಬಂತು. ಬರೆದೆವು. ಬಹಳ ಸೊಗಸಾಗಿ ಬರೆದಿದ್ದೀರಿ ಎಂದು ಹೊಗಳಿಸಿಕೊಂಡೂ ಆಯಿತು. ಯಾರೋ ಇಬ್ಬರು ರಾತ್ರಿ ಬಂದು ಹೊಗೆಯಿಟ್ಟು, ಪಂಜು ಹಿಡಿದು, ಗೂಡನ್ನು ಸುಟ್ಟುಹಾಕಿದರು. ಬೆಳಿಗ್ಗೆ ಗುಡಿಸುವವಳು ಮೆಟ್ಟಿಲ ಬಳಿ ಒಂದು ಬುಟ್ಟಿ ತುಂಬ ಸತ್ತ ಹುಳುಗಳನ್ನು ಗುಡ್ಡೆ ಹಾಕಿದ್ದಳು. ನಾವು ಅದನ್ನು ದಾಟಿಕೊಂಡು ಲೋಕಲ್ ಟ್ರೈನು ಹಿಡಿಯಲು ಓಡಿದೆವು.

ಬಳ್ಳಿ ಗ್ರಿಲ್ಲಿನ ಮೇಲೆ ಹಬ್ಬಿತು. ಧನುರ್ಮಾಸದ ಹೊತ್ತಿಗೆ ಹೂವೋ ಹೂವು. ಹಳದಿ ಬಣ್ಣದ, ಅಂಗೈಯಗಲದ ಹೂಗಳು. ಅಮ್ಮ ದಿನವೂ ಎಣಿಸುವರು. ಆದರೆ ಒಂದಾದರೂ ನಿಲ್ಲಲೊಲ್ಲದು. ಬುಡದಲ್ಲಿ ನೆಲ್ಲಿಕಾಯಿಯಷ್ಟು ಹೀಚು ಕಾಣಿಸಿಕೊಂಡ ಹೂವೂ ಮೂರು ನಾಲ್ಕು ದಿನಗಳಲ್ಲಿ ಹಳದಿಗೆ ತಿರುಗಿ, ಮೆತ್ತಗಾಗಿ, ಉದುರಿಹೋಗುತ್ತಿತ್ತು. ಗೊಬ್ಬರ ಹಾಕಿದರು, ಮಜ್ಜಿಗೆ ನೀರು ಹೊಯ್ದರು, ದೃಷ್ಟಿ ತೆಗೆದರು.

ಸಂಕ್ರಾಂತಿಯ ದಿನ ನೆರೆಯ ಮರಾಠಿ ಹೆಂಗಸರೂ ನಮ್ಮ ಕನ್ನಡದವರೂ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಯಾರೋ ಬಳ್ಳಿಯನ್ನು ಮೆಚ್ಚಿ ಮಾತನಾಡಿದರು. ಅಮ್ಮ, “ಏನು ಬಂತು, ಬರೀ ಹೂ ಬಿಡತ್ತೆ, ಕಾಯಿ ಕಟ್ಟಲ್ಲ. ಬಂಜೆ ಬಳ್ಳಿ. ಕಿತ್ತು ಬೇರೆ ಹಾಕ್ಬೇಕು” ಎಂದರು. ಅವರು ಹೇಳಿದ್ದು ಬಳ್ಳಿಗೇ. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನಮಗೆ ಮದುವೆಯಾಗಿ ಒಂಬತ್ತು ವರ್ಷ. ಎಳ್ಳುಬೆಲ್ಲದ ತಟ್ಟೆ ಹಿಡಿದು ಅಡಿಗೆಮನೆಯಿಂದ ಬರುತ್ತಿದ್ದ ನಮ್ಮಾಕೆ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಮರಾಠಿಯವರಿಗೆ ಅರ್ಥವಾಗಲಿಲ್ಲ. ನಮ್ಮವರಿಗೆ ಆಯಿತು. ಆಮೇಲೆ ಎಲ್ಲರಿಗೂ ಎಳ್ಳು ಬೀರಿದಳು.

ಬಳ್ಳಿಯ ಪರವಾಗಿ ವಕಾಲತ್ತು ವಹಿಸಿದವಳು ಎದುರು ಮನೆಯ ಹುಡುಗಿ. ಶಾಲೆಯಲ್ಲಿ ಹೂವಿನ ಭಾಗಗಳ ಚಿತ್ರ ಬರೆಯಹೇಳಿದ್ದರಂತೆ. “ಕಾಕೂ, ಒಂದು ಹೂ ಕೊಡಿ” ಎಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಬಂದಳು. ಅವಳ ಪುಸ್ತಕದಲ್ಲಿದ್ದ ಮಾತುಗಳು ಪುಂಕೇಸರ, ಸ್ತ್ರೀಕೇಸರ. ನಾವು ಊರಿನ ಶಾಲೆಯಲ್ಲಿ ಉರುಹೊಡೆದದ್ದು ಕೇಸರ, ಶಲಾಕೆ. ದಾಸವಾಳದ ಹೂವನ್ನು ಸೀಳಿ ತೋರಿಸಿದ ಮೇಷ್ಟರ ನೆನಪಾಯಿತು. ಅದರಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿ. ನಡುವಿನಿಂದ ಹೊರಚಾಚಿದ ಉದ್ದನೆಯ ಕೊಳವೆಯ ಸುತ್ತ ಧೂಳು ತುಂಬಿದ ಚೀಲಗಳು; ಅವು ಪರಾಗಕೋಶಗಳು. ಕೊಳವೆಯ ತುದಿಯನ್ನು ದಾಟಿ ನಿಂತ ಐದು ಕೆಂಪು ಗುಂಡುಗಳು ಶಲಾಕೆಯ ತಲೆ, ಅಂದರೆ ಶಲಾಕಾಗ್ರ. ಬುಡದಲ್ಲಿ, ದಳಗಳ ಮರೆಯಲ್ಲಿ, ಅಂಡಾಶಯ.

ಕುಂಬಳದಲ್ಲಿ ಹಾಗಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. (ಪರಂಗಿಯಲ್ಲಾದರೋ ಸಾಮಾನ್ಯವಾಗಿ ಮರವೇ ಬೇರೆ ಬೇರೆ.) ಗಂಡು ಹೂವಿನದು ತೆಳುವಾದ ಉದ್ದನೆಯ ತೊಟ್ಟು. ಒಳಗೆ ಇಣುಕಿದರೆ ಪರಾಗಕೋಶಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಳದಿಯ ಒಂದೇ ಕಡ್ಡಿಯಾಗಿ ನಿಂತಿವೆ. ಮುಟ್ಟಿದರೆ ಬೆರಳಿಗೆ ಅರಿಶಿನ ಮೆತ್ತಿದ ಹಾಗೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ. ಒಳಗೆ ಕಡ್ಡಿಯ ಬದಲು ಅಂಟಂಟಾದ ಮೂರು ಶಲಾಕಾಗ್ರಗಳು, ಒಂದೊಂದೂ ಎರಡಾಗಿ ಸೀಳಿದೆ. ದಳಗಳ ಕೆಳಗಿರುವ ಆ ನೆಲ್ಲಿಕಾಯಿಯೇ ಅಂಡಾಶಯ. ಹೂ ಅರಳುವ ಮೊದಲೇ ಅದು ಅಲ್ಲಿರುತ್ತದೆ, ಬೀಜವಾಗಬೇಕಾದ ನೂರಾರು ಅಂಡಕಗಳನ್ನು ಒಳಗಿಟ್ಟುಕೊಂಡು. ಮನೆ ಕಟ್ಟಿ, ಕೋಣೆಗಳನ್ನು ಗುಡಿಸಿ, ಬಾಗಿಲು ತೆರೆದು ಕುಳಿತಿರುವುದು ಹೆಣ್ಣು ಹೂವು. ಬರಬೇಕಾದದ್ದು ಪರಾಗ.

ಬರುವ ದಾರಿ ಯಾವುದು? ಕುಂಬಳದ ಪರಾಗ ದಪ್ಪ, ಜಿಗುಟು, ಗಾಳಿಗೆ ಹಾರತಕ್ಕದ್ದಲ್ಲ. ಜೇನಿನ ಮೈಗೆ ಅಂಟಿಕೊಂಡೇ ಬರಬೇಕು. ಕಾಲಾವಕಾಶವೂ ಅಲ್ಪ. ನಸುಕಿನಲ್ಲಿ ಅರಳಿದ ಹೂ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಮತ್ತೆ ಅರಳುವುದಿಲ್ಲ. ಅಷ್ಟರೊಳಗೆ ಪರಾಗ ಬಾರದಿದ್ದರೆ ಹೀಚು ಬಾಡಿ ಉದುರುತ್ತದೆ. ಎಷ್ಟು ಮಜ್ಜಿಗೆ ಹೊಯ್ದರೂ ನಿಲ್ಲದು.

“ಊರಲ್ಲಿ ಇದ್ಯಾವುದೂ ಬೇಕಿರಲಿಲ್ಲವಲ್ಲೋ” ಎಂದರು ಅಮ್ಮ. ಹೀಚಿಲ್ಲದ ಹೂವನ್ನು ಅವರು ಮೊದಲಿನಿಂದಲೂ ಬಲ್ಲರು. ಅದನ್ನು ಹಿಟ್ಟಿನಲ್ಲಿ ಅದ್ದಿ ಬೋಂಡ ಕರಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಜೇನಿನ ಕೆಲಸವನ್ನು ಮಾತ್ರ ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಟ್ಟವರಲ್ಲ. ಹಿತ್ತಲಲ್ಲಿ ತುಡುವೆಯೋ ಕೋಲ್ಜೇನೋ ಸದಾ ಇದ್ದೇ ಇತ್ತು. ಇಲ್ಲಿ ಒಂದು ತಿಂಗಳಿಂದ ನಮ್ಮ ಬಾಲ್ಕನಿಯಲ್ಲಿ ಒಂದು ಹುಳುವನ್ನೂ ಕಂಡಿರಲಿಲ್ಲ. ಅರ್ಜಿಯ ಸಂಗತಿ ನೆನಪಾಗಿ ನಾವು ಸುಮ್ಮನಾದೆವು.

ಹುಡುಗಿ ಪುಸ್ತಕ ನೋಡಿ ಹೇಳಿದಂತೆ ನಮ್ಮಾಕೆ ಒಂದು ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಆ ಹಳದಿ ಕಡ್ಡಿಯನ್ನು ಅಂದು ಅರಳಿದ್ದ ಒಂದೇ ಒಂದು ಹೆಣ್ಣು ಹೂವಿಗೆ ಮುಟ್ಟಿಸಿದಳು. ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗುರುವಾರ ಬಂತು, ಶುಕ್ರವಾರ ಬಂತು; ಹೀಚು ಉದುರಲಿಲ್ಲ. ಭಾನುವಾರದ ಹೊತ್ತಿಗೆ ನಿಂಬೆಹಣ್ಣಿನಷ್ಟಾಗಿತ್ತು.

ಈ ನಡುವೆ ನಮಗೆ ಓದುವ ಹುಚ್ಚು ಹತ್ತಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದು, ನಮ್ಮ ಹಾಗೆಯೇ ಹೊರನಾಡಿನ ಕನ್ನಡಿಗರಾಗಿ ಬಾಳಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ತಂದು ಓದಿದೆವು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ. ಹೂವಿನ ಅಂಡಾಶಯದೊಳಗೆ ಏನು ನಡೆಯುತ್ತದೆಂಬುದನ್ನೇ ಸಂಶೋಧಿಸಿದ ವಿದ್ವಾಂಸರು ಇಷ್ಟು ನಗಿಸಬಲ್ಲರೆಂದು ನಾವು ಎಣಿಸಿರಲಿಲ್ಲ. ಬೇರೆ ಪುಸ್ತಕಗಳಿಂದ ಇನ್ನಷ್ಟು ತಿಳಿಯಿತು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿದ್ದ ಕ್ಯಾಮೆರಾರಿಯಸ್ ಎಂಬ ವೈದ್ಯನು ಹರಳು ಗಿಡದ ಗಂಡು ಹೂಗಳನ್ನು ಬಲಿಯುವ ಮೊದಲೇ ಚಿವುಟಿಹಾಕಿ ನೋಡಿದನಂತೆ. ಕಾಯಿಯ ಸಿಪ್ಪೆ ಬಂತು, ಒಳಗೆ ಬೀಜವಿಲ್ಲ. ೧೬೯೪ರಲ್ಲಿ ಅವನು ಇದನ್ನು ಕಾಗದ ಬರೆದು ಪ್ರಕಟಿಸಿದ. ಅಲ್ಲಿಯವರೆಗೆ ಪಂಡಿತರಲ್ಲಿ ಬಹುಮಂದಿಗೆ ಕೇಸರದ ನಿಜವಾದ ಕೆಲಸ ತಿಳಿದಿರಲಿಲ್ಲ.

ಶಲಾಕಾಗ್ರದ ಮೇಲೆ ಕುಳಿತ ಪರಾಗದ ರೇಣು ಅಲ್ಲಿಯೇ ಮೊಳೆಯುತ್ತದೆ. ಕೂದಲಿಗಿಂತ ಸಣ್ಣ ನಾಳವೊಂದು ಹೊರಟು, ಶಲಾಕೆಯ ಒಳಗೇ ದಾರಿ ಮಾಡಿಕೊಂಡು, ಅಂಡಕವನ್ನು ಹುಡುಕಿ ಸೇರುತ್ತದೆ. ಒಂದು ಬೀಜಕ್ಕೆ ಒಂದು ರೇಣು ಬೇಕು. ನೂರು ಬೀಜಕ್ಕೆ ನೂರು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪಂಚಾನನ ಮಾಹೇಶ್ವರಿಯವರೂ ಅವರ ಜೊತೆಯವರೂ ಗಸಗಸೆ ಗಿಡದ ಅಂಡಕಗಳನ್ನು ಹೂವಿನಿಂದ ಹೊರತೆಗೆದು, ಗಾಜಿನ ನಳಿಕೆಯಲ್ಲಿಟ್ಟು, ಅಲ್ಲಿಯೇ ಪರಾಗ ಮುಟ್ಟಿಸಿ ಬೀಜ ಕಟ್ಟಿಸಿದರು. ಅದು ೧೯೬೨ರಲ್ಲಿ ಪ್ರಕಟವಾಯಿತು. ನಳಿಕೆಯ ಮನುಷ್ಯ ಶಿಶು ಹುಟ್ಟಿದ್ದು ೧೯೭೮ರಲ್ಲಿ. ಈ ಸಾಲನ್ನು ನಾವು ಗಟ್ಟಿಯಾಗಿ ಓದಿದೆವು. ನಮ್ಮಾಕೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಬಿಟ್ಟು ಕೇಳಿದಳು.

ಕೇಸರಿಯ ವಿಷಯವನ್ನು ಓದಿದವಳು ಅವಳೇ. ನಮ್ಮ ಅಕ್ಕ ವರ್ಷ ವರ್ಷವೂ ಒಂದು ಪುಟ್ಟ ಡಬ್ಬಿ ಕಾಶ್ಮೀರದ ಕೇಸರಿ ಕಳುಹಿಸುವಳು, ‘ಬೇಕಾಗುವ ಕಾಲಕ್ಕೆ ಇರಲಿ’ ಎಂದು. ಬಸುರಿಯರಿಗೆ ಹಾಲಿನಲ್ಲಿ ಹಾಕಿ ಕೊಡುವುದು ನಮ್ಮಲ್ಲಿ ವಾಡಿಕೆಯಷ್ಟೆ. ಎಂಟು ಡಬ್ಬಿಗಳು ಬೀರುವಿನಲ್ಲಿದ್ದುವು. ಹೆಸರು ಕೇಸರಿಯಾದರೂ ಆ ಎಳೆಗಳು ಕೇಸರಗಳಲ್ಲ, ಶಲಾಕೆಯ ತುದಿಗಳು. ಹೂವೊಂದಕ್ಕೆ ಮೂರೇ ಮೂರು. ಆ ಗಿಡವಾದರೋ ಬೀಜವನ್ನೇ ಕಟ್ಟುವುದಿಲ್ಲ. ಗೆಡ್ಡೆಯಿಂದ ಗೆಡ್ಡೆ ಮಾಡಿಕೊಂಡೇ ಅದನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದಿದ್ದಾರೆ. “ಅತ್ತೇ, ಕೇಳಿದಿರಾ? ಕೇಸರಿ ಗಿಡಾನೂ ಬಂಜೆಯಂತೆ” ಎಂದಳು. ಹೇಳಿ ನಕ್ಕುಬಿಟ್ಟಳು. ಸಂಕ್ರಾಂತಿಯಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಒಂದು ಡಬ್ಬಿಯನ್ನು ಒಡೆದು, ಆ ರಾತ್ರಿಯೇ ಶ್ಯಾವಿಗೆ ಪಾಯಸಕ್ಕೆ ಹಾಕಿದರು. ಮೂವರೂ ತಿಂದೆವು.

ಮರುದಿನದಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ ಅಮ್ಮನೇ ನಿಂತರು. ನಾವು ಏಳುವ ಮೊದಲೇ ಬಾಲ್ಕನಿಯ ಬಾಗಿಲು ಸದ್ದಾಗುತ್ತಿತ್ತು. ಆ ಒಂದು ಮಾತನ್ನು ಅವರು ಮತ್ತೆ ಆಡಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ, ಹಾಗೆ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಎಲ್ಲಿದೆ?

ಮೂರು ಕಾಯಿ ನಿಂತವು. ಮೊದಲನೆಯದು ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಸೊಟ್ಟಗಾಗಿತ್ತು. ಹೆಚ್ಚಿ ನೋಡಿದರೆ ಉಬ್ಬಿದ ಕಡೆ ತುಂಬಿದ ಬೀಜಗಳು, ಸೊಟ್ಟಗಿದ್ದ ಕಡೆ ಬರಿಯ ಜೊಳ್ಳು. ಮೊದಲ ದಿನ ಕಡ್ಡಿಯನ್ನು ಒಂದೇ ಕಡೆಗೆ ತಗುಲಿಸಿದ್ದಿರಬೇಕು. ಪಲ್ಯಕ್ಕೇನೂ ಕೊರತೆಯಾಗಲಿಲ್ಲ.

ಇನ್ನು ನಮ್ಮ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ನಮ್ಮಾಕೆಯೇ “ಬರೀರಿ” ಎಂದಳು. ಒಂಬತ್ತು ವರ್ಷಗಳಲ್ಲಿ ಅವಳು ಎಷ್ಟೋ ವೈದ್ಯರನ್ನು ಕಂಡಳು, ಎಷ್ಟೋ ಸೂಜಿ ಚುಚ್ಚಿಸಿಕೊಂಡಳು, ಸೋಮವಾರ ಶುಕ್ರವಾರ ಉಪವಾಸವಿದ್ದಳು. ಮೂರು ವರ್ಷದ ಹಿಂದೆ ಒಬ್ಬ ವೈದ್ಯೆ ಗಂಡನ ಪರೀಕ್ಷೆಯೂ ಆಗಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ನಾವು ಫೈಲಿನಲ್ಲಿಟ್ಟೆವು. ರಜೆ ಸಿಗಲಿಲ್ಲ ಎಂದೆವು, ಆಡಿಟ್ ಇದೆ ಎಂದೆವು. ಈ ಲೇಖನದ ಉದ್ದಕ್ಕೂ ನಾವು, ನಾವು ಎಂದಿದ್ದೇವಲ್ಲ, ಈ ಒಂದು ಕಡೆ ಆ ‘ನಾವು’ವಿನಲ್ಲಿ ನಮ್ಮಾಕೆ ಸೇರಿಲ್ಲ. ಜೊಳ್ಳು ಬೀಜಗಳನ್ನು ಎಣಿಸಿದ ಮರುದಿನ ಅರ್ಧ ದಿನದ ರಜೆಗೆ ಬರೆದುಕೊಟ್ಟೆವು. ಕಾರಣ ಎಂಬ ಕಡೆ ‘ಸ್ವಂತ ಕೆಲಸ’ ಎಂದು ತುಂಬಿದೆವು. ಚೀಟಿ ಹಳೆಯದಾಗಿತ್ತು; ವೈದ್ಯೆ ಹೊಸದನ್ನು ಬರೆದರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕಾದೆವು. ಆಮೇಲೆ ಎಷ್ಟೋ ಸಲ ಕಾದಿದ್ದೇವೆ. ಚಿಕಿತ್ಸೆ ನಡೆಯುತ್ತಿದೆ, ಅದು ಹೆಚ್ಚಾಗಿ ನಮಗೇ.

ಅಮ್ಮ ಯುಗಾದಿಗೆ ಊರಿಗೆ ಹೋದರು. ಇಲ್ಲಿ ಬೆಳೆದ ಕುಂಬಳದ ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋದರು. ನೆರೆಹೊರೆಗೆಲ್ಲ ‘ಮುಂಬಯಿ ಕುಂಬಳ’ ಎಂದು ಹಂಚಿದರಂತೆ.

ಈ ಅಕ್ಟೋಬರಿನಲ್ಲಿ ಹೆಜ್ಜೇನು ಮತ್ತೆ ಅದೇ ಟಾಂಕಿಯ ಕೆಳಗೆ ಬಂದು ಕಟ್ಟಿದೆ. ಬಿಟ್ಟುಹೋದ ಜಾಗಕ್ಕೇ ಮರಳಿ ಬರುವುದು ಅದರ ಸ್ವಭಾವವಂತೆ. ಕಮಿಟಿಯವರು ಅರ್ಜಿಗಾಗಿ ಎರಡು ಸಲ ಮನೆಗೆ ಬಂದುಹೋದರು. ಸುಡದೆ, ಕೊಲ್ಲದೆ, ರಾತ್ರಿಯಲ್ಲಿ ಉಪಾಯವಾಗಿ ಸ್ಥಳಾಂತರಿಸುವ ಕೆಲಸ ಬಲ್ಲವರಿದ್ದಾರೆಂದು ನಾವು ಹೇಳಿದ್ದೇವೆ, ವಿಚಾರಿಸುತ್ತಲೂ ಇದ್ದೇವೆ. ಅರ್ಜಿಯ ಕರಡು ಮಾತ್ರ ಇನ್ನೂ ನಮ್ಮ ಮೇಜಿನ ಮೇಲೆಯೇ ಇದೆ. ನಿಧಾನ ಮಾಡುವುದರಲ್ಲಿ ನಮಗೆ ಹದಿಮೂರು ವರ್ಷಗಳ ಅನುಭವವಿದೆ.