ಕೆರೆ ಅಂಗಳದಲ್ಲಿ ಡ್ರೋನ್

ಚಿಕ್ಕನಾಯಕನಹಳ್ಳಿ ಕಡೆಯ ನಮ್ಮೂರ ಕೆರೆ ಬೇಸಿಗೆಯಲ್ಲಿ ಬರೀ ಬಯಲು. ಡ್ರೋನ್ ಕಲಿಯೋಕೆ ಇದಕ್ಕಿಂತ ಜಾಗ ಬೇಕಾ? ನಂದು 249 ಗ್ರಾಂ. 250 ಗ್ರಾಂವರೆಗೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಆದ್ರೂ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ಹಸಿರು ವಲಯ ಅಂತ ಖಾತ್ರಿ ಮಾಡ್ಕೊಂಡೆ. ಅಲ್ಲೂ 120 ಮೀಟರ್ ದಾಟೋ ಹಾಗಿಲ್ಲ.

ಮೇಲೇರಿಸೋದು ಸುಲಭ. ಅದು ನಮ್ಮ ಕಡೆ ಮುಖ ತಿರುಗಿಸಿದಾಗ ಇದೆ ಕಷ್ಟ: ಸ್ಟಿಕ್ ಎಡಕ್ಕೆ ತಳ್ಳಿದ್ರೆ ನಮ್ಮ ಕಣ್ಣಿಗೆ ಬಲಕ್ಕೆ ಹೋಗುತ್ತೆ. ಮೊದಲ ದಿನವೇ ಜಾಲಿ ಮುಳ್ಳಿಗೆ ಸಿಕ್ಕಿ ಒಂದು ರೆಕ್ಕೆ ಹೋಯ್ತು. ಆಮೇಲೆ ಒಂದು ವಾರ ತಗ್ಗಿನಲ್ಲೇ ಚೌಕ, ಎಂಟರ ಆಕಾರ ಸುತ್ತಿಸಿದೆ.

ಅಪ್ಪ ಏರಿ ಮೇಲೆ ಕೂತು ನೋಡೋರು. ಮೊಣಕಾಲು ನೋವು ಶುರುವಾದ ಮೇಲೆ ತೋಟದ ಆ ತುದಿಗೆ ಅವರು ಹೋಗಿಲ್ಲ. ‘ಮೂಲೆ ಮರಗಳು ಹೆಂಗವೆ?’ ಅಂತ ಕೇಳಿದಾಗೆಲ್ಲ ‘ಚೆನ್ನಾಗಿವೆ’ ಅಂದಿದ್ದೆ. ಹೋಗಿ ನೋಡಿರಲಿಲ್ಲ.

ಭಾನುವಾರ ಡ್ರೋನನ್ನ ಏರಿ ಪಕ್ಕದ ನಮ್ಮ ತೋಟದ ಮೇಲೆ ತಗೊಂಡು ಹೋದೆ. ಅಪ್ಪ ಸ್ಕ್ರೀನ್ ಕಡೆ ಬಗ್ಗಿದ್ರು.

‘ನಿಲ್ಸಪ್ಪಾ, ಅಲ್ಲೇ.’

ಮೂಲೆಯಲ್ಲಿ ಹನ್ನೊಂದು ತೆಂಗಿನ ಮರ, ಗರಿ ಒಣಗಿ ಜೋತಿದ್ವು. ನಾನು ಸುಮ್ಮನಿದ್ದೆ. ಬ್ಯಾಟರಿ ಕಮ್ಮಿ ಅಂತ ರಿಮೋಟ್ ಕೂಗೋಕೆ ಶುರು ಮಾಡ್ತು.

‘ತಡಿ,’ ಅಂದ್ರು ಅಪ್ಪ. ‘ಇನ್ನೊಂದ್ಸಲ ಎಣಿಸ್ತೀನಿ.’