ಮನೆಗೊಂದಾಳು: ರಾಯದುರ್ಗ–ಮಡಕಶಿರಾ ಸೀಮೆಯ ಊರಗೆಲಸದ ನೆನಪು

ಆಂಧ್ರಪ್ರದೇಶದಲ್ಲಿ 2019ರ ಆಗಸ್ಟ್ 15ರಂದು ಆರಂಭವಾಗಿ, ಐವತ್ತು ಮನೆಗಳಿಗೆ ಒಬ್ಬರಂತೆ ತಿಂಗಳಿಗೆ 5,000 ರೂಪಾಯಿ ಗೌರವಧನದ ಮೇಲೆ ಹಳ್ಳಿಹಳ್ಳಿಯಲ್ಲೂ ಕೆಲಸ ಮಾಡಿದ ಗ್ರಾಮ ಸ್ವಯಂಸೇವಕರ ವ್ಯವಸ್ಥೆ 2024ರ ಚುನಾವಣೆಯ ಬೆನ್ನಿಗೇ ನಿಂತುಹೋದಾಗ, ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಕನ್ನಡದ ಹಳ್ಳಿಗಳಿಗೆ ಅದರ ಪೆಟ್ಟು ಬೇರೆಡೆಗಿಂತ ಹೆಚ್ಚಾಗಿಯೇ ತಗುಲಿತು. ಇಲ್ಲಿ ಅರ್ಜಿ, ಆದೇಶ, ಪಟ್ಟಿಗಳೆಲ್ಲ ತೆಲುಗಿನಲ್ಲಿ ಬರುತ್ತವೆ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಹಿರಿಯರಿಗೂ, ಯಾವ ಅಕ್ಷರವನ್ನೂ ಕಲಿಯದ ಮುದುಕಿಯರಿಗೂ, ಜನರ ಬಾಯಲ್ಲಿ ‘ವಾಲಂಟೀರು’ ಎನಿಸಿಕೊಂಡ ಆ ಹುಡುಗ ಅಥವಾ ಹುಡುಗಿ ತಿಂಗಳ ಮೊದಲ ದಿನ ಬಾಗಿಲಿಗೆ ಪಿಂಚಣಿ ತಂದುಕೊಡುವವರಾಗಿದ್ದಂತೆಯೇ, ಸರ್ಕಾರದ ಕಾಗದವನ್ನು ಮನೆಯ ಮಾತಿನಲ್ಲಿ ಓದಿ ಹೇಳುವವರೂ ಆಗಿದ್ದರು. ಕೆಲಸ ಕಳೆದುಕೊಂಡ ಆ ಯುವಜನರು, ತಮಗಿಂತ ಮೊದಲು ಊರಿನ ಕೆಲಸಗಳನ್ನು ಯಾರು, ಯಾವ ಸಂಬಳಕ್ಕೆ ಮಾಡುತ್ತಿದ್ದರು ಎಂದು ಹಿರಿಯರನ್ನು ಕೇಳುತ್ತಾರೆ. ಕಂದಾಯ ಕಛೇರಿಯ ಕಡತಗಳಲ್ಲಿ ಅದಕ್ಕೆ ಸಿಗುವ ಉತ್ತರ ಬಹಳ ತೆಳುವಾದದ್ದು. 1960 ಮತ್ತು 70ರ ದಶಕಗಳನ್ನು ಕಣ್ಣಾರೆ ಕಂಡವರ ನೆನಪೇ ಈ ವಿಷಯದಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದ ಆಧಾರ.

ಈ ಎರಡು ತಾಲ್ಲೂಕುಗಳ ಚರಿತ್ರೆ ಒಂದೇ ಅಲ್ಲ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ ಮತ್ತು ಆಲೂರುಗಳೊಂದಿಗೆ ಆಂಧ್ರಕ್ಕೆ ಹೋಯಿತು. ಮಡಕಶಿರಾ ಅದಕ್ಕೂ ಬಹಳ ಹಿಂದಿನಿಂದ ಅನಂತಪುರ ಜಿಲ್ಲೆಯಲ್ಲಿದ್ದು, ಪಾವಗಡ, ಶಿರಾ, ಮಧುಗಿರಿಗಳ ನಡುವೆ ಮೈಸೂರು ಸೀಮೆಯೊಳಕ್ಕೆ ಚಾಚಿಕೊಂಡೇ ಉಳಿದು, 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಆದರೆ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳ ಹಳ್ಳಿಗಳಾಗಲಿ, ರಾಯದುರ್ಗದ ಸುತ್ತಲಿನ ಹಳ್ಳಿಗಳಾಗಲಿ ಮಳೆಯ ವಿಷಯದಲ್ಲಿ ಒಂದೇ ಹಣೆಬರಹದವು. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸಿನಲ್ಲಿ, ಅದೂ ಎರಡು ಮೂರು ಜಡಿಮಳೆಗಳಲ್ಲಿ ಸುರಿದುಹೋಗುವ ನೀರನ್ನು ಹಿಡಿದಿಟ್ಟುಕೊಳ್ಳದ ಊರು ಇಲ್ಲಿ ಬದುಕಲಾರದು. ಹಾಗಾಗಿ ಊರಿನ ಬದುಕು ಕೆರೆಯ ಸುತ್ತಲೇ ಕಟ್ಟಿಕೊಂಡಿತ್ತು. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ ಮತ್ತು ಕಟ್ಟುಗೊಡಗೆಗಳು, ಅಂದರೆ ಕೆರೆ ಕಟ್ಟಿಸಿದವರಿಗೆ ಮತ್ತು ಅದನ್ನು ಕಾಪಾಡುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಹಾಗೂ ಆದಾಯ, ಬ್ರಿಟಿಷರ ಕಾಲದಲ್ಲಿ ‘ದಶಬಂಧ ಇನಾಮು’ ಎಂಬ ಹೆಸರಿನಲ್ಲಿ ಈ ಸೀಮೆಯಲ್ಲಿ ಮುಂದುವರಿದವು.

ಊರಗೆಲಸದ ಮೊದಲ ನಿಯಮ ‘ಮನೆಗೊಂದಾಳು’ ಎಂಬುದು. ಮುಂಗಾರಿಗೆ ಮೊದಲು ಕೆರೆಯ ಏರಿಯ ಮೇಲೆ ಬೆಳೆದ ಗಿಡಗಂಟಿ ಕಿತ್ತು, ಇಲಿ ಮತ್ತು ಏಡಿ ಕೊರೆದ ಬಿಲಗಳಿಗೆ ಮಣ್ಣು ದಮ್ಮಸು ಮಾಡಿ, ಕೋಡಿಯ, ಅಂದರೆ ಹೆಚ್ಚಾದ ನೀರು ಹರಿದುಹೋಗುವ ಕಟ್ಟೆಯ, ಕಲ್ಲುಗಳನ್ನು ಸರಿಪಡಿಸುವ ದಿನ ಗೊತ್ತಾದೊಡನೆ, ಹಿಂದಿನ ಸಂಜೆ ತಳವಾರ ತಮಟೆ ಬಾರಿಸಿ ಸಾರು ಹಾಕುತ್ತಿದ್ದನು. ಪ್ರತಿ ಮನೆಯಿಂದ ಒಬ್ಬರು ಗುದ್ದಲಿ, ಮಂಕರಿಗಳೊಂದಿಗೆ ಬರಬೇಕು. ಬಾರದ ಮನೆ ತಪ್ಪು ಕಟ್ಟಬೇಕು, ಆ ಹಣ ಗಂಗಮ್ಮನ ಪೂಜೆಗೆ ಸಲ್ಲಬೇಕು. ಕೆರೆಯಲ್ಲಿ ನೀರು ಇಂಗಿದ ಮೇಲೆ ತೆಗೆದ ಗೋಡು, ಎಂದರೆ ಹೂಳುಮಣ್ಣು, ಎತ್ತಿನ ಗಾಡಿಗಳಲ್ಲಿ ಹೊಲಗಳಿಗೆ ಹೋಗುತ್ತಿತ್ತು. ಹೀಗೆ ಒಂದೇ ಕೆಲಸದಿಂದ ಕೆರೆಗೆ ಆಳವೂ ಹೊಲಕ್ಕೆ ಗೊಬ್ಬರವೂ ದೊರೆಯುತ್ತಿದ್ದವು. ಶ್ರಾವಣದ ಭಜನೆ, ಊರ ಮುಂದಿನ ಬಯಲಾಟ, ಹಿಂದೂಗಳೂ ಸೇರಿ ಮಾಡುತ್ತಿದ್ದ ಮೊಹರಮ್ಮಿನ ಪೀರಲ ಹಬ್ಬ ಇವೆಲ್ಲವೂ ಇದೇ ಮನೆಗೊಂದಾಳಿನ ಕಟ್ಟಳೆಯಲ್ಲಿ ನಡೆಯುತ್ತಿದ್ದವು.

ಈ ವ್ಯವಸ್ಥೆಯ ನಡುಗಂಬದಂತಿದ್ದವನು ನೀರಗಂಟಿ. ಕೆರೆಯ ತೂಬು ತೆರೆದು ಮುಚ್ಚಿ, ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರದಿಯಂತೆ ನೀರು ಹಂಚುವ ಆಯಗಾರನಿಗೆ ಈ ಹೆಸರು. ಆಯಗಾರರೆಂದರೆ ಕಮ್ಮಾರ, ಬಡಗಿ, ಕುಂಬಾರ, ಅಗಸರಂತೆ ಊರಿಗೆ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುವವರು. ಅಮರಾಪುರ ಕಡೆಯ ಒಂದು ಕೆರೆಯ ನೀರಗಂಟಿಯನ್ನು ಕಂಡವರು ಅವನ ಕೆಲಸವನ್ನು ಇಂದಿಗೂ ಎವೆಯಿಕ್ಕದೆ ನೋಡಿದವರಂತೆ ವರ್ಣಿಸುತ್ತಾರೆ. ತುಂಬಿದ ಕೆರೆಯಲ್ಲಿ ತೂಬಿನ ಕಲ್ಲುಕಂಬಗಳವರೆಗೆ ಈಜಿ, ಉಸಿರು ಬಿಗಿಹಿಡಿದು ಮುಳುಗಿ, ತೂಬಿನ ತೂತಿಗೆ ಬಡಿದ ಮರದ ಬಿರಡೆಯನ್ನು ಕೈಯಳತೆಯಲ್ಲಿ ಸಡಿಲಿಸಿ, ಎಷ್ಟು ನೀರು ಬಿಟ್ಟರೆ ಕೊನೆಯ ಗದ್ದೆಗೆ ಯಾವ ಹೊತ್ತಿಗೆ ಮುಟ್ಟುತ್ತದೆಂಬುದನ್ನು ಅವನು ಕಾಲುವೆಯಲ್ಲಿ ಕಾಲಿಟ್ಟೇ ಹೇಳುತ್ತಿದ್ದನು. ಮುಚ್ಚುವಾಗ ಹುಲ್ಲಿನ ಸಿಂಬಿಯನ್ನು ಜೇಡಿಮಣ್ಣಿನಲ್ಲಿ ಹೊರಳಿಸಿ ಬಿರಡೆಯ ಸುತ್ತ ತುರುಕಿದರೆ ಹನಿಯೂ ಸೋರುತ್ತಿರಲಿಲ್ಲ. ಹಗಲಿನ ಸರದಿಯನ್ನು ನೆರಳಿನಿಂದಲೂ ರಾತ್ರಿಯದನ್ನು ನಕ್ಷತ್ರಗಳಿಂದಲೂ ಅಳೆಯುತ್ತಿದ್ದ ಅವನು, ಮಡೆಯನ್ನು, ಅಂದರೆ ಗದ್ದೆಗೆ ನೀರು ತಿರುಗಿಸುವ ಬಾಯನ್ನು, ಗೌಡನೇ ಬಂದು ಕೇಳಿದರೂ ಹೊತ್ತಿಗೆ ಮೊದಲು ಬಿಡುತ್ತಿರಲಿಲ್ಲ. ಬರದ ವರ್ಷ ಎಷ್ಟು ಗದ್ದೆ ನಾಟಿ ಮಾಡಬಹುದು, ಯಾರು ಯಾರು ಬೀಳು ಬಿಡಬೇಕು ಎಂಬ ಮಾತು ಏರಿಯ ಮೇಲೆ ನಡೆಯುವಾಗ, ಕೊನೆಗೆ ಎಲ್ಲರೂ ನೋಡುತ್ತಿದ್ದುದು ಅವನ ಮುಖವನ್ನೇ.

ಆ ದಿನಗಳ ವಾಸನೆಯೊಂದು ಈಗ ಈ ಸೀಮೆಯಿಂದ ಪೂರ್ತಿ ಮಾಯವಾಗಿದೆ. ನಾಟಿಗೆ ಮೊದಲು ಏರಿಯ ಮತ್ತು ಹಳ್ಳದ ಬದಿಯ ಹೊಂಗೆಮರಗಳಿಂದ ಸೊಪ್ಪು ಕಡಿದು ತಂದು, ಕೆಸರುಗದ್ದೆಗೆ ಹರಡಿ, ತುಳಿದು, ನೀರು ನಿಲ್ಲಿಸಿ ಕೊಳೆಯಲು ಬಿಟ್ಟಾಗ, ಮೂರನೆಯ ನಾಲ್ಕನೆಯ ದಿನಕ್ಕೆ ಎದ್ದುಬರುತ್ತಿದ್ದ ಕಹಿ, ಹುಳಿ, ಹಸಿಮಣ್ಣು ಬೆರೆತ ಆ ಗಾಢ ನಾತ ಹೊಸಬರಿಗೆ ಮೂಗು ಮುಚ್ಚಿಸುವಂಥದ್ದು. ಊರಿನವರಿಗೆ ಮಾತ್ರ ಅದು ಕೆರೆ ತುಂಬಿದ ವರ್ಷದ ಸುಳಿವು, ಮಕ್ಕಳಿಗೆ ಮಾಗಿಯಲ್ಲಿ ಅನ್ನ ಸಿಗುವ ಭರವಸೆ. ರಾಗಿ, ಸಜ್ಜೆ, ನವಣೆಯ ಸೀಮೆಯಲ್ಲಿ ಅನ್ನ ಹಬ್ಬದ ಊಟವಾಗಿದ್ದ ಕಾಲ ಅದು.

ನೀರಗಂಟಿಯ ಸಂಬಳ ತೀರ್ಮಾನವಾಗುತ್ತಿದ್ದುದು ಕಣದಲ್ಲಿ. ಭತ್ತ ತೂರಿ, ರಾಶಿ ಮಾಡಿ, ಪೂಜೆ ಮುಗಿದ ಮೇಲೆ ಆಯಗಾರರು ಒಬ್ಬೊಬ್ಬರಾಗಿ ಮೊರ ಹಿಡಿದು ನಿಲ್ಲುತ್ತಿದ್ದರು. ಅಚ್ಚುಕಟ್ಟಿನ ಕೊನೆಯಲ್ಲಿ ಗದ್ದೆಯಿದ್ದ ರೈತನೊಬ್ಬ ಒಂದು ಸುಗ್ಗಿಯಲ್ಲಿ, ನೀರು ತಡವಾಗಿ ಬಂದು ತೆನೆ ಜೊಳ್ಳಾಯಿತೆಂದು ಅರ್ಧ ಕೊಳಗ ಕಡಿಮೆ ಅಳೆದಾಗ ನಡೆದ ಚೌಕಾಸಿ ಕಂಡವರ ಮನಸ್ಸಿನಲ್ಲಿ ಉಳಿದಿದೆ. ನೀರಗಂಟಿ ಜಗಳಕ್ಕೆ ಹೋಗಲಿಲ್ಲ. ‘ಹುಣ್ಣಿಮೆ ಕಳೆದ ಮೂರನೇ ರಾತ್ರಿ, ಅಮಾಸೆ ಹಿಂದಿನ ರಾತ್ರಿ, ಆಮೇಲೆ ಗೌರಿ ಹಬ್ಬದ ರಾತ್ರಿ ನಿಮ್ಮ ಮಡೆ ಬಿಟ್ಟಿದ್ದೀನಿ ಗೌಡ್ರೇ, ಹಬ್ಬದ ರಾತ್ರಿ ನೀವು ಮಲಗಿದ್ರಿ, ನೀರು ಹಳ್ಳಕ್ಕೆ ಹೋಯ್ತು’ ಎಂದು ಒಂದೊಂದೇ ರಾತ್ರಿಯನ್ನು ಎಣಿಸಿ ಹೇಳಿದನು. ಕಣದಲ್ಲಿದ್ದವರು ನಕ್ಕರು, ರೈತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು, ಕಾಲು ಕೊಳಗ ಹಾಕ್ತೀನಿ, ಎರಡು ಹೊರೆ ಹುಲ್ಲು ತಗೊಂಡು ಹೋಗು’ ಎಂದನು, ಅಲ್ಲಿಗೆ ವ್ಯಾಜ್ಯ ಮುಗಿಯಿತು. ಬರವಣಿಗೆಯಿಲ್ಲದ ಲೆಕ್ಕ ಅಷ್ಟು ಖಚಿತವಾಗಿತ್ತು.

ಆದರೆ ಈ ನೆನಪನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಸುಳ್ಳಾಗುತ್ತದೆ. ಜಮೀನಿಲ್ಲದವನು ಪಕ್ಷಪಾತ ಮಾಡಲಾರನೆಂಬ ನೆಪದಲ್ಲಿ ನೀರಗಂಟಿಯ ಕೆಲಸವನ್ನು ಸಾಮಾನ್ಯವಾಗಿ ದಲಿತರ ಕೇರಿಗೇ ಬಿಟ್ಟಿದ್ದರು. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯಲ್ಲಿ ಹಗ್ಗ ಬಿಡುವಂತಿರಲಿಲ್ಲ, ತಾನು ಕಾಯ್ದ ಏರಿಯ ಮೇಲಿನ ಗುಡಿಯೊಳಗೆ ಹೋಗುವಂತಿರಲಿಲ್ಲ. ಮನೆಗೊಂದಾಳಿನ ನಿಯಮವೂ ಎಲ್ಲ ಮನೆಗಳಿಗೆ ಒಂದೇ ಭಾರದ್ದಾಗಿರಲಿಲ್ಲ: ಗೌಡನ ಮತ್ತು ಶ್ಯಾನುಭೋಗರ ಮನೆಗಳಿಂದ ಜೀತದಾಳು ಬಂದರೆ ಸಾಕಾಗುತ್ತಿತ್ತು, ಬಡವನಾದರೋ ತನ್ನ ಆ ದಿನದ ಕೂಲಿಯನ್ನೇ ಬಿಟ್ಟು ಬರಬೇಕಿತ್ತು. ಬಿಟ್ಟಿ ಚಾಕರಿಯನ್ನು ಸೇವೆ ಎಂದು ಕರೆದು ಹೊಗಳುವ ಹಕ್ಕು ಅದನ್ನು ಮಾಡಿಸಿಕೊಂಡವರ ಮಕ್ಕಳಿಗೆ ಇಲ್ಲ. ಆ ಕಟ್ಟು ಒಡೆದದ್ದಕ್ಕೆ ಕಣ್ಣೀರು ಹಾಕಬೇಕಾಗಿಲ್ಲ. ಒಡೆದ ಜಾಗದಲ್ಲಿ ಏನನ್ನೂ ಕಟ್ಟದೆ ಹೋದದ್ದು ಮಾತ್ರ ಕ್ಷಮಿಸಲಾಗದ ತಪ್ಪು.

ಒಡೆಯುವಿಕೆ ಹಂತಹಂತವಾಗಿ ನಡೆಯಿತು. 1984ರ ಜನವರಿಯಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಗೌಡ, ಶ್ಯಾನುಭೋಗರಂಥ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ರದ್ದು ಮಾಡಿದಾಗ ಶತಮಾನಗಳ ದರ್ಪವೊಂದು ಕೊನೆಗೊಂಡಿತು. ಅದೇ ಹೊತ್ತಿಗೆ ಸಾರು ಹಾಕಿಸುವವರು, ತಪ್ಪು ವಸೂಲಿ ಮಾಡುವವರು, ವ್ಯಾಜ್ಯ ತೀರಿಸುವವರು ಯಾರೆಂಬುದು ಊರಿಗೆ ತಿಳಿಯದಾಯಿತು. 1997ರ ಜನವರಿಯಲ್ಲಿ ಬಂದ ‘ಜನ್ಮಭೂಮಿ’ ಕಾರ್ಯಕ್ರಮ ಶ್ರಮದಾನವನ್ನು ಮತ್ತೆ ತರುವ ಮಾತಾಡಿತು. ಸಾರಿನ ತಮಟೆಯ ಬದಲು ಅಧಿಕಾರಿಯ ಜೀಪು, ಧ್ವನಿವರ್ಧಕ, ಫೋಟೊ ಬಂದವು, ಅಧಿಕಾರಿ ಹೋದ ಸಂಜೆ ಗುದ್ದಲಿಗಳೂ ಮನೆಗೆ ಹೋದವು. ಅದೇ ವರ್ಷದ ಕಾಯ್ದೆಯಂತೆ ಕೆರೆಗಳಿಗೆ ನೀರು ಬಳಕೆದಾರರ ಸಂಘಗಳಾಗಿ ಚುನಾವಣೆಗಳೂ ನಡೆದವು. ಆದರೆ ರಾತ್ರಿ ತೂಬಿನ ಬಳಿ ಯಾರು ನಿಲ್ಲಬೇಕು, ಅವರ ಹೊಟ್ಟೆಗೆ ಯಾರು ಹಾಕಬೇಕು ಎಂಬ ಪ್ರಶ್ನೆಗೆ ಆ ಸಂಘಗಳು ಉತ್ತರ ಕೊಡಲಿಲ್ಲ. ಅಷ್ಟರಲ್ಲಾಗಲೇ ಅಚ್ಚುಕಟ್ಟಿನಲ್ಲೆಲ್ಲ ಕೊಳವೆಬಾವಿಗಳು ಬಂದಿದ್ದವು. 2004ರಲ್ಲಿ ಕೃಷಿಗೆ ವಿದ್ಯುತ್ ಉಚಿತವಾದ ಮೇಲೆ ಪ್ರತಿಯೊಬ್ಬ ರೈತನೂ ತನ್ನ ನೀರನ್ನು ತಾನೇ ಎತ್ತಿಕೊಳ್ಳತೊಡಗಿ, ಕೆರೆ ಯಾರಿಗೂ ಬೇಡವಾಯಿತು, ಏರಿಯನ್ನು ಬಳ್ಳಾರಿ ಜಾಲಿ ಆವರಿಸಿತು. 2006ರ ಫೆಬ್ರವರಿ 2ರಂದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಆರಂಭವಾದ ಉದ್ಯೋಗ ಖಾತರಿ ಯೋಜನೆ ಕೆರೆಯ ಹೂಳು ತೆಗೆಯುವ ಕೆಲಸಕ್ಕೆ ಕೂಲಿ ಕೊಟ್ಟಿತು. ಬಿಟ್ಟಿಗೆ ದುಡಿದವರ ಮೊಮ್ಮಕ್ಕಳು ದುಡಿಮೆಗೆ ಹಣ ಪಡೆದದ್ದು ನ್ಯಾಯವೇ, ಮತ್ತು ಗುಳೆ ಹೋಗುವವರು ಕೆಲವರಾದರೂ ಅದರಿಂದ ಊರಲ್ಲಿ ಉಳಿದದ್ದು ನಿಜವೇ. ತೆಗೆದ ಗೋಡು ಯಾವ ಹೊಲಕ್ಕೆ ಹೋಗಬೇಕು, ಕೆರೆ ತುಂಬಿದಾಗ ನೀರು ಯಾರಿಗೆ ಮೊದಲು ಎಂಬುದನ್ನು ಊರು ಕೂತು ತೀರ್ಮಾನಿಸುವ ರೂಢಿ ಮಾತ್ರ ಹಿಂತಿರುಗಲಿಲ್ಲ.

ರಾಯದುರ್ಗದ ಕಡೆ ಕಥೆ ಸ್ವಲ್ಪ ಬೇರೆ. ಕಣೇಕಲ್ಲು, ಬೊಮ್ಮನಹಾಳ್ ಭಾಗಕ್ಕೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಬಂದಾಗ ನೀರಗಂಟಿಯ ಜಾಗಕ್ಕೆ ನೀರಾವರಿ ಇಲಾಖೆಯ ಲಸ್ಕರ್, ಅಂದರೆ ಕಾಲುವೆ ಕಾಯುವ ನೌಕರ, ಬಂದನು. ಅವನು ಉತ್ತರ ಹೇಳಬೇಕಾದದ್ದು ಕಣದಲ್ಲಿ ನಿಂತ ರೈತನಿಗಲ್ಲ, ಮೇಲಿನ ಅಧಿಕಾರಿಗೆ. ಹಗರಿ ಎಂದು ಕರೆಯುವ ವೇದಾವತಿ ನದಿ ವರ್ಷಗಟ್ಟಲೆ ಒಣಗಿ, ಕಣೇಕಲ್ಲಿನ ಸುತ್ತಲಿನ ಹೊಲಗಳಿಗೆ ಮರಳಿನ ದಿಬ್ಬಗಳು ಹಬ್ಬಿದವು. 2022ರಲ್ಲಿ ನದಿಯ ಮೇಲ್ಭಾಗದ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದು ಹಗರಿ ಮತ್ತೆ ಹೊಳೆಯಾಗಿ ಹರಿದಾಗ ಜನ ಸಂತೋಷದಿಂದ ನೋಡಲು ಹೋದರು; ತುಂಬಿದ ಕೆರೆಯ ಏರಿಯನ್ನು ರಾತ್ರಿ ಪಾಳಿಯಲ್ಲಿ ಕಾಯುವ ಕ್ರಮವನ್ನು ಹೇಳಿಕೊಡಬಲ್ಲವರು ಆ ವೇಳೆಗೆ ಬೆರಳೆಣಿಕೆಯಷ್ಟೇ ಉಳಿದಿದ್ದರು.

ಸರ್ಕಾರದ ಹೊರಗೆ ಈ ಸೀಮೆಯಲ್ಲಿ ನಡೆದ ಒಂದು ಪ್ರಯತ್ನವನ್ನು ಗೌರವದಿಂದ ನೆನೆಯಬೇಕು. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಮಡಕಶಿರಾ ಭಾಗವೂ ಸೇರಿದಂತೆ, ಕೇರಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತರಬೇತುಗೊಳಿಸಿತು. ಊರಗೆಲಸದ ಹಳೆಯ ಕಟ್ಟು ಯಾರನ್ನು ಹೊರಗಿಟ್ಟಿತ್ತೋ ಅವರನ್ನೇ ಮುಂದೆ ನಿಲ್ಲಿಸಿದ್ದು ಅದರ ಹೆಚ್ಚುಗಾರಿಕೆ.

ಸ್ವಯಂಸೇವಕರ ವಿಷಯಕ್ಕೆ ಮರಳಿದರೆ, ಅವರನ್ನು ಆಗಿನ ಆಡಳಿತ ಪಕ್ಷ ತನ್ನ ಕಾಲಾಳುಗಳನ್ನಾಗಿ ಬಳಸಿಕೊಂಡಿತೆಂಬ ಆರೋಪದಲ್ಲಿ ಹುರುಳಿಲ್ಲದಿಲ್ಲ. ಚುನಾವಣಾ ಆಯೋಗ 2024ರ ಮಾರ್ಚ್ ಕೊನೆಯಲ್ಲಿ ಪಿಂಚಣಿ ಹಂಚಿಕೆಯಿಂದ ಅವರನ್ನು ದೂರವಿಟ್ಟದ್ದಕ್ಕೂ ಅದೇ ಹಿನ್ನೆಲೆ. ಏಪ್ರಿಲ್‌ನ ಬಿಸಿಲಿನಲ್ಲಿ ವೃದ್ಧರು ಊರಿನ ಸರ್ಕಾರಿ ಕಛೇರಿಯಾದ ಗ್ರಾಮ ಸಚಿವಾಲಯದ ಮುಂದೆ, ಮೇ ತಿಂಗಳಲ್ಲಿ ಬ್ಯಾಂಕುಗಳ ಮುಂದೆ ಕಾದು ನಿಂತದ್ದನ್ನು ನೋಡಿದವರಿಗೆ ಆ ವ್ಯವಸ್ಥೆಯ ಬೆಲೆಯೂ ತಿಳಿಯಿತು. ಆಗಿನ ಆಡಳಿತ ಪಕ್ಷದವರು ಸ್ವಯಂಸೇವಕರಿಂದ ರಾಜೀನಾಮೆ ಕೊಡಿಸಿದರು, ಎದುರು ಪಕ್ಷದವರು ಗೌರವಧನವನ್ನು 10,000 ರೂಪಾಯಿಗೆ ಏರಿಸುವ ಮಾತು ಕೊಟ್ಟು ಗೆದ್ದ ಮೇಲೆ ಅವರನ್ನು ಮುಂದುವರಿಸಲಿಲ್ಲ. ಪಿಂಚಣಿ ಈಗ ಸಚಿವಾಲಯದ ನೌಕರರ ಕೈಯಿಂದ ಮನೆಗೆ ಬರುತ್ತದೆ, ಮೊತ್ತವೂ 4,000ಕ್ಕೆ ಏರಿದೆ. ಆದರೆ ವರ್ಗವಾಗಿ ಬಂದ ನೌಕರನಿಗೆ ಅಗಳಿಯ ಅಜ್ಜಿಯ ಕನ್ನಡ ತಿಳಿದೇ ಇರಬೇಕೆಂಬ ನಿಯಮವಿಲ್ಲ. ಕಣದಲ್ಲಿ ಕಾಲು ಕೊಳಗ ಭತ್ತಕ್ಕೆ ನಡೆದ ಚೌಕಾಸಿಯಲ್ಲಿ ನೀರಗಂಟಿಗೆ ಎದುರು ಮಾತಾಡಲು ಅವಕಾಶವಿತ್ತು. ಐದು ವರ್ಷ ಬಾಗಿಲು ಬಾಗಿಲು ಅಲೆದ ಈ ಮಕ್ಕಳಿಗೆ ಅಷ್ಟು ಅವಕಾಶವೂ ಸಿಗಲಿಲ್ಲ.

ರಾಯದುರ್ಗ ಮತ್ತು ಮಡಕಶಿರಾದ ಗ್ರಾಮ ಪಂಚಾಯಿತಿಗಳು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಕೆರೆಗೆ ಜಾತಿಯ ಗೊಡವೆಯಿಲ್ಲದೆ, ಪಂಚಾಯಿತಿಯ ಹಣದಿಂದ ತಿಂಗಳ ಸಂಬಳ ಕೊಟ್ಟು ಒಬ್ಬ ನೀರಗಂಟಿಯನ್ನು ನೇಮಿಸಲಿ. ಕನ್ನಡ ಮತ್ತು ತೆಲುಗು ಎರಡನ್ನೂ ಓದಬಲ್ಲ ಊರಿನ ಒಬ್ಬ ಹುಡುಗಿಯನ್ನೋ ಹುಡುಗನನ್ನೋ, ಯಾವ ಪಕ್ಷ ಗೆದ್ದರೂ ತೆಗೆಯಲಾಗದ ಕರಾರಿನ ಮೇಲೆ, ಕಾಗದ ಪತ್ರಗಳ ಸಹಾಯಕ್ಕೆ ಇಟ್ಟುಕೊಳ್ಳಲಿ. ಸರ್ಕಾರ ಅಲ್ಪಸಂಖ್ಯಾತ ಭಾಷೆಯ ಈ ಹಳ್ಳಿಗಳಿಗಾದರೂ ಅರ್ಜಿ ನಮೂನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ತೂಬು ತೆರೆಯುವುದನ್ನು, ಏರಿ ಕಾಯುವುದನ್ನು ಬಲ್ಲ ಮುದುಕರು ಕೆಲವರು ಇನ್ನೂ ಇದ್ದಾರೆ. ಅವರಿರುವಾಗಲೇ ಊರಿನ ಯುವಕರು ಅವರ ಜೊತೆ ಒಮ್ಮೆ ಏರಿಯ ಮೇಲೆ ನಡೆದು ಕೇಳಿ ತಿಳಿದುಕೊಳ್ಳಬೇಕು.