ಒಂದು ಕಣ್ಣು ಸಾಕಾ?

ನಮ್ಮತ್ತೆಯವರಿಗೆ ಈಗ 81. ಬಲಗಣ್ಣಿನ ಪೊರೆ ತೆಗೆಸಿ ಎಂಟು ತಿಂಗಳಾದ್ರೂ ಎಡಗಣ್ಣಿಗೆ ಒಪ್ಪಿರಲಿಲ್ಲ. "ಒಂದು ಸಾಕು ಕಣೇ, ಈ ವಯಸ್ಸಲ್ಲಿ ನಾನೇನು ಪರೀಕ್ಷೆ ಬರೀಬೇಕಾ?" ಅಂತಿದ್ರು. ಸಂಪಿಗೆ ರಸ್ತೆಗೆ ಹೋಗಿ ಹೂವು ತರೋಕೆ, ಕಾಡುಮಲ್ಲೇಶ್ವರನ ದರ್ಶನಕ್ಕೆ ಒಂದು ಸಾಕಾಗ್ತಿತ್ತೋ ಏನೋ. ಓದೋದರ ಲೆಕ್ಕವೇ ಬೇರೆ.

ಪೇಪರ್ ಅರ್ಧಕ್ಕೇ ಮಡಚಿಡೋಕೆ ಶುರು ಮಾಡಿದ್ರು. ಆಮೇಲೆ ಪಂಚಾಂಗವೂ ನನ್ನ ಕೈಗೆ ಬಂತು. ಏಕಾದಶಿ ಯಾವತ್ತು ಅಂತ ಸೊಸೇನ ಕೇಳೋದು ಅವರಿಗೆಷ್ಟು ಕಷ್ಟ ಅಂತ ನಿಮಗೆಲ್ಲ ಗೊತ್ತಲ್ಲ!

ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗಲ್ಲ, ಕುಪ್ಪಳಿಸುತ್ತೆ. ಒಂದೊಂದು ಕಡೆ ನಿಲ್ಲೋದು ಸುಮಾರು ಕಾಲು ಸೆಕೆಂಡ್. ಅಷ್ಟರಲ್ಲಿ ಎರಡು ಕಣ್ಣಿನ ಎರಡು ಚಿತ್ರವನ್ನ ಮಿದುಳು ಒಂದು ಮಾಡ್ಬೇಕು. ಎರಡೂ ಚೆನ್ನಾಗಿದ್ರೆ, ಮಸುಕು ಅಚ್ಚನ್ನ ಗುರುತಿಸೋ ಶಕ್ತಿ ಒಂದೇ ಕಣ್ಣಿಗಿಂತ ಸುಮಾರು 1.4 ಪಟ್ಟು. ಒಂದು ಮಬ್ಬಾಗಿದ್ರೆ ಅದು ನೆರವಾಗೋ ಬದಲು ತೊಡಕೇ ಆಗಬಹುದು.

ನಮ್ಮ ಅಕ್ಷರಾನೇ ನೋಡಿ. 'ದನ'ಕ್ಕೂ 'ಧನ'ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಒತ್ತಕ್ಷರವಂತೂ ಪುಟ್ಟದಾಗಿ ಕಾಲ ಕೆಳಗೆ ಕೂತಿರುತ್ತೆ. ಚೀನೀ ಭಾಷೆ ಓದೋರ ಪಾಡು ಇನ್ನೂ ಹೆಚ್ಚು. ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ, ಅದರೊಳಗೆ ಕೆಲವಕ್ಕೆ ಹದಿನೈದು ಇಪ್ಪತ್ತು ಗೆರೆ! ಅಕ್ಷರ ಒತ್ತೊತ್ತಾದಷ್ಟೂ ಎರಡು ಕಣ್ಣಿನ ಬೆಲೆ ಹೆಚ್ಚು.

ಡಾಕ್ಟರು ಇದನ್ನೇ ಅತ್ತೆಯವರಿಗೆ ಬಿಡಿಸಿ ಹೇಳಿದ್ರು. ಕಾರ್ತೀಕ ಕಳೆದ ಮೇಲೆ ಎಡಗಣ್ಣಿಗೂ ಆಯ್ತು. ತಿಂಗಳು ಕಳೆದು ಹೊಸ ಕನ್ನಡಕ ಬಂತು, ಪಂಚಾಂಗ ವಾಪಸ್ ಹೋಯ್ತು. ಈಗ ತಿಥಿ ಹೇಳೋದು ಅವರೇ, ತಪ್ಪು ತಿದ್ದೋದೂ ಅವರೇ.

ಮಕ್ಕಳಿರೋ ಮನೆಯವರಿಗೆ ಇನ್ನೊಂದು ಮಾತು. ಮಗುವಿನ ಒಂದು ಕಣ್ಣು ಮಂದವಾಗಿದ್ರೆ ನಮಗೆ ಗೊತ್ತೇ ಆಗಲ್ಲ, ಇನ್ನೊಂದರಿಂದ ಸಲೀಸಾಗಿ ಓದ್ತಿರುತ್ತೆ. "ಸೋಮಾರಿ ಕಣ್ಣು" ಅಂತಾರಲ್ಲ, ಅದಕ್ಕೆ ಕನ್ನಡಕ ಕೊಟ್ಟು, ಚೆನ್ನಾಗಿರೋ ಕಣ್ಣನ್ನ ದಿನಾ ಸ್ವಲ್ಪ ಹೊತ್ತು ಮುಚ್ಚಿ, ಮಂದ ಕಣ್ಣಿಂದ ಕೆಲಸ ಮಾಡಿಸ್ತಾರೆ. ಏಳು ವರ್ಷದೊಳಗೆ ಶುರು ಮಾಡಿದ್ರೆ ಫಲ ಹೆಚ್ಚು. ಗೋಡೆ ಕ್ಯಾಲೆಂಡರ್ ಮುಂದೆ ನಿಲ್ಲಿಸಿ, ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ಓದಿಸಿ. ಒಂದರಲ್ಲಿ ತಡವರಿಸಿದ್ರೆ, ಅಥವಾ ಒಂದು ಕಣ್ಣು ಮುಚ್ಚಿದಾಗ ಮಾತ್ರ ರಂಪ ಮಾಡಿದ್ರೆ, ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಓದಿದ್ರೂ ಶಾಲೆಗೆ ಸೇರಿಸೋ ಮುಂಚೆ ಒಂದ್ಸಲ ತೋರಿಸಿ.